ಸೋಗೆಯಲ್ಲಿ ಹಳದಿ, ನಾಳದಲ್ಲಿ ರೋಗ

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆ ಅಡಿಕೆ ಬೆಳೆಗಾರರು ಸೇರಿದಲ್ಲೆಲ್ಲ ಈಗ ಮೂರು ರೋಗಗಳ ಮಾತು ಒಟ್ಟಿಗೇ ಬರುತ್ತದೆ: ಕೊಳೆ, ಎಲೆಚುಕ್ಕೆ, ಹಳದಿ ಎಲೆ. ಪರಿಹಾರ ಕೇಳುವಾಗಲೂ ಮೂರೂ ಬೆರೆತುಹೋಗುತ್ತವೆ, ಮದ್ದು ಹುಡುಕುವಾಗಲೂ ಬೆರೆಯುತ್ತವೆ. ಕೊಳೆ ಮತ್ತು ಎಲೆಚುಕ್ಕೆ ಹೊರಗಿನಿಂದ ಬಂದು ಕಾಯಿಗೋ ಸೋಗೆಗೋ ಹತ್ತುವಂಥವು. ಹಳದಿ ಎಲೆಯ ದಾರಿಯೇ ಬೇರೆ. ಅದು ಮರದೊಳಗೆ ಸಕ್ಕರೆ ಸಾಗುವ ನಾಳದಲ್ಲಿ ಕೂತಿರುತ್ತದೆ. ಇಷ್ಟು ಸಂಗತಿ ತೋಟದವರೆಗೆ ಸರಿಯಾಗಿ ಮುಟ್ಟಿದ್ದರೆ ಸೋಗೆಯ ಮೇಲೆ ಸುರಿದ ದುಡ್ಡು ಎಷ್ಟೋ ಉಳಿಯುತ್ತಿತ್ತು.

ಸಿಂಪಡಣೆಯ ಮೇಲೆ ಮಲೆನಾಡಿಗರಿಗಿರುವ ನಂಬಿಕೆಗೆ ಗಟ್ಟಿ ಕಾರಣವಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಇಲ್ಲೇ ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವ ಕ್ರಮ ರೂಢಿಗೆ ತಂದರು. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ಹಳೆಯ ಪದ್ಧತಿ ನಿಧಾನಕ್ಕೆ ಹಿಂದೆ ಸರಿಯಿತು. ಶತಮಾನ ದಾಟಿದರೂ ಆ ಮದ್ದು ಕೈಕೊಟ್ಟಿಲ್ಲ. ಹಾಗಾಗಿ ಮರದಲ್ಲಿ ಏನು ಕಂಡರೂ ದೋಟಿ, ಪಂಪು, ಡ್ರಮ್ಮಿನ ಕಡೆಗೇ ಮನಸ್ಸು ಹೋಗುತ್ತದೆ.

ಬೇರೆ ಬಗೆಯ ರೋಗವೊಂದರ ಸೂಚನೆಯೂ ಆ ಕಾಲದಲ್ಲೇ ಸಿಕ್ಕಿತ್ತು. 1899ರಲ್ಲಿ ಕೊಡಗಿನಲ್ಲಿ ಗುರುತಿಸಲಾದ ಗಂಧದ ಮರದ ಸ್ಪೈಕ್ ರೋಗ ಸಂಸ್ಥಾನದ ಬೊಕ್ಕಸಕ್ಕೇ ಪೆಟ್ಟು ಕೊಟ್ಟಿತು. ಅದು ಕಸಿಯ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಕೋಲ್ಮನ್ 1917ರಲ್ಲಿ ಬರೆದರು. ಅಂದರೆ ಕಾರಣ ಗಿಡದ ಒಳಗೇ ಇತ್ತು. ಅದು ಏನೆಂದು ಕಾಣಲು 1969ರವರೆಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ತನಕ, ಕಾಯಬೇಕಾಯಿತು.

ಮೊದಲು ಹೇಳಿದ, ಸಕ್ಕರೆ ಸಾಗುವ ನಾಳದ ಹೆಸರು ಫ್ಲೋಯಂ. ಬೇರು ಹೀರಿದ ನೀರನ್ನು ಮೇಲಕ್ಕೊಯ್ಯುವ ಕ್ಸೈಲಂ ಸತ್ತ ಕೊಳವೆ, ಫ್ಲೋಯಂ ಜೀವಂತ ಕೊಳವೆ. 1837ರಲ್ಲಿ ಜರ್ಮನಿಯ ಹಾರ್ಟಿಗ್ ಅದರ ಜರಡಿಯಂಥ ತೂತುಗಳನ್ನು ವಿವರಿಸಿದರು. ಅದು ಹರಿಯುವುದು ಹೇಗೆಂದು 1930ರಲ್ಲಿ ಮುಂಚ್ ಹೇಳಿದರು: ಎಲೆ ತಯಾರಿಸಿದ ಸಕ್ಕರೆ ನಾಳಕ್ಕೆ ತುಂಬಿದಾಗ ಪಕ್ಕದಿಂದ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ, ಬೇರು, ಹಿಂಗಾರ, ಕಾಯಿ ಸಕ್ಕರೆಯನ್ನು ಇಳಿಸಿಕೊಂಡ ಕಡೆ ಒತ್ತಡ ತಗ್ಗುತ್ತದೆ, ರಸ ಅತ್ತ ಹರಿಯುತ್ತದೆ. ಈ ಒತ್ತಡ ಕಾರಿನ ಟೈರಿನ ಗಾಳಿಗಿಂತ ಹಲವು ಪಟ್ಟು. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಇದನ್ನು ಹೇನಿನಿಂದಲೇ ತೋರಿಸಿದರು. ರಸ ಕುಡಿಯುತ್ತಿದ್ದ ಸಸ್ಯಹೇನಿನ ಸೂಜಿಮೂತಿಯನ್ನು ಅಲ್ಲೇ ಕತ್ತರಿಸಿದರೂ ಉಳಿದ ತುಂಡಿನಿಂದ ರಸ ತೊಟ್ಟಿಕ್ಕುತ್ತಲೇ ಇತ್ತು. ಆ ರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ಅದಕ್ಕೇ ಇಂಥ ಕೀಟಗಳು ಬೇಕಾದ್ದಕ್ಕಿಂತ ಹೆಚ್ಚು ಕುಡಿದು ಉಳಿದ ಸಿಹಿಯನ್ನು ಹೊರಹಾಕುತ್ತವೆ. ಹೇನು, ಹಿಟ್ಟುತಿಗಣೆ ಇದ್ದಲ್ಲಿ ಇರುವೆ ಸಾಲುಗಟ್ಟುವುದೂ ಎಲೆ ಮೇಲೆ ಕಪ್ಪು ಬೂಷ್ಟು ಕಟ್ಟುವುದೂ ಇದರಿಂದಲೇ.

ಅಡಿಕೆಯ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಮಾವು, ಹಲಸಿನ ಮರಗಳು ವರ್ಷವರ್ಷ ತೊಗಟೆಯ ಕೆಳಗೆ ಹೊಸ ಫ್ಲೋಯಂ ಕಟ್ಟಿಕೊಳ್ಳುತ್ತವೆ. ತಾಳೆ ಜಾತಿಯ ಮರಗಳಿಗೆ ಆ ಸೌಕರ್ಯವಿಲ್ಲ. ಅವುಗಳ ಕಾಂಡದಲ್ಲಿ ನಾಳಗಳು ಚದುರಿಕೊಂಡಿರುತ್ತವೆ, ಮೊದಲು ಮೂಡಿದ ನಾಳವೇ ದಶಕಗಟ್ಟಲೆ ದುಡಿಯಬೇಕು. ಅಂಥ ನಾಳ ಒಮ್ಮೆ ಕೆಟ್ಟರೆ ಕಾಂಡದಲ್ಲಿ ಅದಕ್ಕೆ ಬದಲಿ ಹುಟ್ಟುವುದಿಲ್ಲ.

ಅಡಿಕೆಯ ಹಳದಿ ಎಲೆ ರೋಗ ಮೊದಲು ದಾಖಲಾದದ್ದು 1914ರಲ್ಲಿ, ಕೇರಳದಲ್ಲಿ. ಆಮೇಲೆ ಸುಳ್ಯದ ಸಂಪಾಜೆ, ಶೃಂಗೇರಿ, ಕೊಪ್ಪದ ಕಣಿವೆಗಳಲ್ಲಿ ಬೇರೂರಿತು. ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿತುದಿಯಲ್ಲಿ ಹಳದಿ ಶುರುವಾಗುತ್ತದೆ, ನಡುದಿಂಡು ಮಾತ್ರ ಹಸಿರಾಗಿರುತ್ತದೆ. ಬೇರಿನ ತುದಿ ಕೊಳೆಯುತ್ತದೆ, ಎಳೆಕಾಯಿ ಉದುರುತ್ತದೆ, ಉಳಿದ ಅಡಿಕೆಯ ತಿರುಳು ಕಪ್ಪಾಗುತ್ತದೆ. ಮೂರು ವರ್ಷದಲ್ಲಿ ಫಸಲು ಅರ್ಧಕ್ಕಿಳಿಯುವುದುಂಟು. ಬೇರು ಕೊಳೆತದ್ದನ್ನು ಕಂಡವರು ಬಸಿಗಾಲುವೆಯನ್ನು ದೂರಿದರು, ಹಳದಿ ಕಂಡವರು ಗೊಬ್ಬರದ ಕೊರತೆ ಎಂದರು. ಶಿಲೀಂಧ್ರ, ಜಂತುಹುಳು, ಮಣ್ಣಿನ ಹುಳಿ ಎಲ್ಲವೂ ಸರದಿಯಂತೆ ಅನುಮಾನಕ್ಕೆ ಒಳಗಾದವು. ದಶಕಗಳು ಹೀಗೇ ಹೋದವು.

1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಫ್ಲೋಯಂನಲ್ಲಿ ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮ ಜೀವಿಯನ್ನು ಕಂಡರು. ಅಂಥದ್ದೇ ಜೀವಿ ರೋಗಪೀಡಿತ ಅಡಿಕೆಯ ಫ್ಲೋಯಂನಲ್ಲೂ ಇದೆಯೆಂದು 1978ರಲ್ಲಿ ವರದಿಯಾಯಿತು. ಗಂಧದ ಸ್ಪೈಕ್ ರೋಗದಲ್ಲಿ 1969ರಲ್ಲಿ ಕಂಡದ್ದೂ ಇದೇ ಬಗೆಯ ಜೀವಿ. ಈಗ ಇದಕ್ಕೆ ಫೈಟೋಪ್ಲಾಸ್ಮಾ ಎಂಬ ಹೆಸರು. ಅದು ಜರಡಿ ತೂತುಗಳಲ್ಲಿ ನುಸುಳಿ ರಸದ ಜೊತೆ ಮರವಿಡೀ ಸುತ್ತುತ್ತದೆ. ಮರ ಸುಮ್ಮನಿರುವುದಿಲ್ಲ, ಕ್ಯಾಲೋಸ್ ಎಂಬ ವಸ್ತುವಿನಿಂದ ತೂತುಗಳನ್ನು ಮುಚ್ಚಿಕೊಳ್ಳುತ್ತದೆ. ಆ ರಕ್ಷಣೆಯೇ ಮುಳುವಾಗುತ್ತದೆ. ಸಕ್ಕರೆ ಸೋಗೆಯಲ್ಲೇ ಕಟ್ಟಿಕೊಂಡು ಹಸಿರು ಕೆಡುತ್ತದೆ, ಬೇರು ಹಸಿದು ಸಾಯುತ್ತದೆ. ಹಿಂದಿನವರು ಕಾರಣವೆಂದು ಹಿಡಿದ ಬೇರುಕೊಳೆಯನ್ನು ಪರಿಣಾಮವೆಂದು ನೋಡಿದರೆ ಎಲ್ಲ ಲಕ್ಷಣಗಳೂ ಒಂದಕ್ಕೊಂದು ಹೊಂದುತ್ತವೆ.

ರೋಗ ಹೊತ್ತು ತಿರುಗುವುದು ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಪುಟ್ಟ ಜಿಗಿಹುಳು. ರೋಗದ ಮರದ ರಸ ಕುಡಿದಾಗ ಜೀವಿ ಅದರ ಹೊಟ್ಟೆ ಸೇರಿ, ಅಲ್ಲಿ ಹೆಚ್ಚಿ, ಜೊಲ್ಲಿನ ಗ್ರಂಥಿಗೆ ಬಂದ ಮೇಲೆ ಮುಂದಿನ ಮರಕ್ಕೆ ಇಳಿಯುತ್ತದೆ. ಈ ಕುಟುಂಬದ ಹುಳುಗಳ ಮರಿಗಳು ಬೆಳೆಯುವುದು ಕೊಳೆಯುವ ಕಸಕಡ್ಡಿಯಲ್ಲಿ. ಸೊಪ್ಪು, ದರಗು ಹಾಸಿ ನೆಲವನ್ನು ತಂಪಾಗಿಡುವ ನಮ್ಮ ತೋಟಗಳಲ್ಲಿ ಅದಕ್ಕೆ ಬರವೇ ಇಲ್ಲ.

ಬೋರ್ಡೋ ದ್ರಾವಣ ಎಲೆಯ ಮೇಲೇ ಉಳಿಯುವ ಲೇಪ, ನಾಳಕ್ಕೆ ಇಳಿಯುವುದಿಲ್ಲ. ಟೆಟ್ರಾಸೈಕ್ಲಿನ್ ಫೈಟೋಪ್ಲಾಸ್ಮಾವನ್ನು ಹತ್ತಿಕ್ಕುತ್ತದೆ, ನಿಲ್ಲಿಸಿದರೆ ರೋಗ ಮರಳುತ್ತದೆ. ಜನ ಬಾಯಿಗೆ ಹಾಕಿಕೊಳ್ಳುವ ಅಡಿಕೆಗೆ ವರ್ಷಗಟ್ಟಲೆ ಆ ಔಷಧಿ ಕೊಡುವುದು ಸಲ್ಲದು. ಬಸಿಗಾಲುವೆ, ಗೊಬ್ಬರ, ಸುಣ್ಣ ಮರವನ್ನು ಒಂದಷ್ಟು ಕಾಲ ನಿಲ್ಲಿಸುತ್ತವೆ. ಆದರೆ ಅವನ್ನು ‘ಚಿಕಿತ್ಸೆ’ ಎಂದು ಹೇಳಿಕೊಂಡು ಬಂದದ್ದು ಬೆಳೆಗಾರರಿಗೆ ನ್ಯಾಯವಲ್ಲ.

ಉಳಿದ ಭರವಸೆ ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳ ಮೇಲೆ. ಅಂಥವುಗಳ ಹಿಂಗಾರದಿಂದ ಅಂಗಾಂಶ ಕೃಷಿಯ ಸಸಿ ಬೆಳೆಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ತಡೆಯುವ ಶಕ್ತಿ ನಿಜವೇ ಎಂದು ತಿಳಿಯಲು ಇನ್ನಷ್ಟು. ಆದ್ದರಿಂದ ಸೋತು ತೋಟ ತೆಗೆಸಲು ಹೊರಟವರು ಕೊಡಲಿ ಹಾಕಿಸುವ ಮೊದಲು ಹಸಿರು ಮರಗಳಿಗೆ ಗುರುತು ಹಾಕಿ ಉಳಿಸಿಕೊಳ್ಳಬೇಕು, ವಿಜ್ಞಾನಿಗಳು ಆ ತೋಟಕ್ಕೇ ಬಂದು ನೋಡಬೇಕು.