ಹೊಳವು ಯಾವ ಊರಿಗೆ?

ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟ ಇರುವವರು ಬೆಳಿಗ್ಗೆ ಎದ್ದು ಮೊದಲು ಆಡುವ ಮಾತು, ‘ಇವತ್ತು ಹೊಳವಾಗುತ್ತಾ?’ ಹೊಳವು ಅಂದರೆ ಮಳೆ ನಿಂತು ಆಕಾಶ ಒಂದಿಷ್ಟು ತೆರೆದುಕೊಳ್ಳುವ ಹೊತ್ತು. ನಾಲ್ಕು ಗಂಟೆ ಹೊಳವು ಸಿಕ್ಕರೆ ಸಾಕು, ಕೊನೆಗಾರರು ಮರ ಹತ್ತಿ ಔಷಧಿ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಬೋರ್ಡೊ ದ್ರಾವಣ. ಹೊಡೆದದ್ದು ಒಣಗುವ ಮೊದಲೇ ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಕೂಲಿಯೂ ಹೋಯಿತು, ಮೈಲುತುತ್ತವೂ ಹೋಯಿತು. ಆಮೇಲೆ ಮರದ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ, ಎತ್ತಿ ನೋಡಿದರೆ ಮೈಮೇಲೆ ಬಿಳಿ ಬೂಷ್ಟು. ಕೊಳೆರೋಗ.

ನಮ್ಮ ಮನೆಯಲ್ಲೂ ಒಂದು ವರ್ಷ ಹೀಗೇ ಆಯಿತು. ಮೊಬೈಲಿನ ಮುನ್ಸೂಚನೆ ನಂಬಿ ಕೊನೆಗಾರರನ್ನು ಕರೆಸಿದ್ದೆವು. ಅರ್ಧ ತೋಟ ಮುಗಿಯುವ ಹೊತ್ತಿಗೆ ಗುಡ್ಡದ ಮೇಲಿಂದ ಮಳೆ ಇಳಿಯಿತು. ಹೊಳೆಯಾಚೆಯ ನೆಂಟರ ಮನೆಗೆ ಫೋನ್ ಮಾಡಿದರೆ ಅಲ್ಲಿ ಅಂಗಳ ಒಣಗಿತ್ತು! ಮುನ್ಸೂಚನೆ ಸುಳ್ಳಾಗಿರಲಿಲ್ಲ, ಅದು ನಮ್ಮ ಊರಿಗೆ ಹೇಳಿದ್ದಾಗಿರಲಿಲ್ಲ, ಅಷ್ಟೇ.

ಮಲೆನಾಡಿನ ಮಳೆಯ ಗುಣವೇ ಅದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೇ ಇರುವ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಪಡುವಣ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರಿ, ತಣಿದು, ಹೊತ್ತ ನೀರನ್ನು ಅಲ್ಲೇ ಸುರಿಸಿ ಹಗುರಾಗಿ ಮೂಡಲಿಗೆ ಸಾಗುತ್ತದೆ. ಇವೆರಡೂ ಇರುವ ಜಿಲ್ಲೆಗೆ ‘ಇಷ್ಟು ಮಳೆ’ ಎಂಬ ಒಂದೇ ಅಂಕಿ ಕೊಟ್ಟರೆ ಅದು ಯಾರ ಅಂಗಳದ ಮಳೆಯೂ ಅಲ್ಲ.

ಆದರೆ ಮುನ್ಸೂಚನೆಯ ಚರಿತ್ರೆ ಶುರುವಾದದ್ದೇ ಒಂದು ಅಂಕಿಯಿಂದ. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ದಕ್ಷಿಣವನ್ನು ಹಿಂಡಿದ ಭೀಕರ ಬರ ಬಂತು, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಿದ್ದರಲ್ಲ, ಅದು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಬೇಕೆಂಬ ಒತ್ತಡ ಬೆಳೆದದ್ದು ಆಗ. ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಇಡೀ ದೇಶದ ಮುಂಗಾರಿನ ಅಂದಾಜು ಹೇಳಿದ. 1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್‌ಗೆ ಒಂದು ಸಂಗತಿ ಹೊಳೆಯಿತು: ಭಾರತವನ್ನು ಒಟ್ಟು ಹಾಕಿ ಲೆಕ್ಕ ಹಿಡಿದರೆ ಲೆಕ್ಕ ಕೂಡುವುದಿಲ್ಲ. ಅವನು ಪರ್ಯಾಯದ್ವೀಪ, ವಾಯವ್ಯ, ಈಶಾನ್ಯ ಎಂದು ದೇಶವನ್ನು ಬೇರೆ ಬೇರೆ ಮಾಡಿದ. ಒಂದು ಅಂಕಿ ಮೂರಾಯಿತು. ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದೇ, ಮುಂದಿನದೆಲ್ಲ ಮೂರನ್ನು ಸಾವಿರ ಮಾಡುವ ದಾರಿ.

ಅದೇ ವಾಕರ್‌ನ ಹೆಸರು ಇನ್ನೊಂದು ಕಡೆಯೂ ಉಳಿದಿದೆ. 1927ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಯೂಲ್ ಸೂರ್ಯನ ಕಲೆಗಳ ಅಂಕಿಗಳನ್ನಿಟ್ಟುಕೊಂಡು, ನಿನ್ನೆ ಮೊನ್ನೆಯ ಅಂಕಿಗಳಿಂದಲೇ ನಾಳೆಯದನ್ನು ಲೆಕ್ಕ ಹಾಕುವ ಸೂತ್ರ ಕೊಟ್ಟ. 1931ರಲ್ಲಿ ವಾಕರ್ ಅದನ್ನು ಬೆಳೆಸಿದ. ಟೈಮ್ ಸೀರೀಸ್, ಅಂದರೆ ಕಾಲಕ್ರಮದಲ್ಲಿ ಸಾಲಾಗಿ ಬಂದ ಅಂಕಿಗಳ ಸರಣಿ, ಓದಿದವರಿಗೆಲ್ಲ ಯೂಲ್-ವಾಕರ್ ಸಮೀಕರಣ ಗೊತ್ತು. 1970ರಲ್ಲಿ ಬಾಕ್ಸ್ ಮತ್ತು ಜೆಂಕಿನ್ಸ್ ಈ ದಾರಿಯನ್ನು ಒಂದು ಪದ್ಧತಿಯಾಗಿ ಕಟ್ಟಿಕೊಟ್ಟ ಮೇಲೆ ಅರಿಮಾ (ARIMA) ಎಂಬ ಅದರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಆದರೆ ಅಲ್ಲಿ ಒಂದು ಊರಿನ ಸರಣಿಗೆ ಒಂದು ಲೆಕ್ಕದ ಮಾದರಿ. ಹುಲಿಕಲ್‌ಗೆ ಬೇರೆ, ಸೊರಬಕ್ಕೆ ಬೇರೆ. ಹುಲಿಕಲ್ ಕಲಿತದ್ದು ಸೊರಬಕ್ಕೆ ಗೊತ್ತೇ ಆಗುವುದಿಲ್ಲ. ಹೋದ ವರ್ಷವಷ್ಟೇ ಮಳೆಮಾಪಕ ಬಂದ ಹಳ್ಳಿಗಂತೂ ಕಲಿಯಲು ಅಂಕಿಗಳೇ ಇಲ್ಲ.

ಮಿದುಳಿನ ನರಜಾಲವನ್ನು ಹೋಲುವಂತೆ ಕಟ್ಟಿದ, ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಲೆಕ್ಕ, ನ್ಯೂರಲ್ ನೆಟ್‌ವರ್ಕ್, ಈ ಗೋಡೆ ಒಡೆಯಿತು. ನೂರಾರು ಊರುಗಳ ಸರಣಿಗಳನ್ನು ಒಟ್ಟಿಗೆ ಉಣಿಸಿ ಒಂದೇ ಮಾದರಿಯನ್ನು ತರಬೇತು ಮಾಡುವುದು ಇಲ್ಲಿನ ಕ್ರಮ. ಪ್ರತಿ ಊರಿನ ಜೊತೆ ಅದರ ಎತ್ತರ, ಘಟ್ಟದ ಅಂಚಿನಿಂದ ಎಷ್ಟು ದೂರ ಎಂಬ ವಿವರವೂ ಹೋಗುತ್ತದೆ. ಆಗುಂಬೆಯ ಸಾವಿರಗಳ ಎದುರು ಬಯಲಿನ ಊರುಗಳ ಅಂಕಿ ಮುಳುಗಿಹೋಗದಂತೆ ಪ್ರತಿ ಸರಣಿಯನ್ನೂ ಅದರದೇ ಸರಾಸರಿಯಿಂದ ಭಾಗಿಸಿ ಸಮ ಮಾಡುತ್ತಾರೆ. 2018ರ ಎಂ4 ಎಂಬ ಮುನ್ಸೂಚನೆ ಸ್ಪರ್ಧೆಯಲ್ಲಿ ಒಂದು ಲಕ್ಷ ಸರಣಿಗಳಿದ್ದವು. ಗೆದ್ದ ಸ್ಲಾವೆಕ್ ಸ್ಮಿಲ್ ಅವರ ವಿಧಾನದಲ್ಲಿ ಮಟ್ಟ, ಋತುಮಾನದ ಏರಿಳಿತ ಆಯಾ ಸರಣಿಯದೇ, ಕಲಿಕೆ ಮಾತ್ರ ಹಂಚಿಕೊಂಡದ್ದು. ಎಲ್ಲ ಕಡೆ ನ್ಯೂರಲ್ ನೆಟ್‌ವರ್ಕೇ ಗೆಲ್ಲುತ್ತದೆ ಎಂದೇನಲ್ಲ. 2020ರ ಎಂ5ರಲ್ಲಿ ಗೆದ್ದದ್ದು ನಿರ್ಧಾರವೃಕ್ಷಗಳ ವಿಧಾನ, ಒಂದರ ಹಿಂದೊಂದು ಹೌದು-ಇಲ್ಲ ಪ್ರಶ್ನೆ ಕೇಳುತ್ತ ಉತ್ತರಕ್ಕೆ ಬರುವಂಥದ್ದು. ಆದರೆ ಅದೂ ಹಲವು ಸರಣಿಗಳನ್ನು ಕೂಡಿಸಿ ಕಲಿಯುವುದೇ.

ನೀರಿನ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು 2019ರಲ್ಲಿ, ಆಸ್ಟ್ರಿಯದ ಲಿಂಜ್‌ನ ಕ್ರಾಟ್ಜರ್ಟ್ ಮತ್ತು ಸಂಗಡಿಗರು. ಮಳೆಯಿಂದ ಹೊಳೆಯ ಹರಿವನ್ನು ಲೆಕ್ಕ ಹಾಕಲು ಅಮೆರಿಕದ 531 ಜಲಾನಯನಗಳಿಗೆ ಎಲ್‌ಎಸ್‌ಟಿಎಂ ಎಂಬ ಬಗೆಯ ಒಂದೇ ನ್ಯೂರಲ್ ನೆಟ್‌ವರ್ಕ್ ಮಾದರಿಯನ್ನು ಕಲಿಸಿದರು. ಒಂದೊಂದು ಹೊಳೆಗೂ ಪ್ರತ್ಯೇಕವಾಗಿ ಹದ ಮಾಡಿದ ಹಳೆಯ ಮಾದರಿಗಳನ್ನು ಅದು ಹಿಂದೆ ಹಾಕಿತು. ಎಲ್‌ಎಸ್‌ಟಿಎಂ 1997ರಲ್ಲಿ ಹಾಕ್‌ರೈಟರ್ ಮತ್ತು ಶ್ಮಿಡ್‌ಹ್ಯೂಬರ್ ಕೊಟ್ಟ ವಿನ್ಯಾಸ. ಏನನ್ನು ನೆನಪಿಟ್ಟುಕೊಳ್ಳಬೇಕು, ಏನನ್ನು ಮರೆಯಬೇಕು ಎಂಬುದನ್ನೂ ಅದು ಅಂಕಿಗಳಿಂದಲೇ ಕಲಿಯುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಮೃಗಶಿರಾ ಮಳೆ ಎಷ್ಟು ಬಂದರೂ ಒಣಗಿದ ನೆಲ ಕುಡಿದುಬಿಡುತ್ತದೆ. ಅಷ್ಟೇ ಮಳೆ ಆಶ್ಲೇಷಾದಲ್ಲಿ ಬಂದರೆ ಒರತೆ ಎದ್ದ ನೆಲ ಹನಿಯನ್ನೂ ಉಳಿಸಿಕೊಳ್ಳದೆ ಹಳ್ಳಕ್ಕೆ ಬಿಡುತ್ತದೆ. ಹಿಂದಿನ ವಾರಗಳ ತೇವವನ್ನು ಮಾದರಿ ನೆನಪಿನಲ್ಲಿ ಹೊತ್ತಿರಬೇಕು. ಮಾಪಕವೇ ಇಲ್ಲದ ಹೊಳೆಗಳಿಗೂ ಇದೇ ಕಲಿಕೆ ದಾಟುತ್ತದೆಂದು ಅದೇ ತಂಡ ತೋರಿಸಿತು.

ಮುಂದೆ ವೇಗ ಹೆಚ್ಚಿತು. 2023ರಲ್ಲಿ ಬಂದ, ಗೂಗಲ್ ಡೀಪ್‌ಮೈಂಡ್‌ನ ನ್ಯೂರಲ್ ನೆಟ್‌ವರ್ಕ್ ಮಾದರಿ ಗ್ರಾಫ್‌ಕಾಸ್ಟ್ ಜಗತ್ತಿನ ಹತ್ತು ದಿನಗಳ ಹವಾಮಾನವನ್ನು ಒಂದು ನಿಮಿಷದೊಳಗೆ ಲೆಕ್ಕ ಹಾಕುತ್ತದೆ. ಆದರೆ ಅದು ಲೆಕ್ಕಕ್ಕಾಗಿ ಭೂಮಿಯನ್ನು ಹಂಚಿಕೊಳ್ಳುವ ಒಂದೊಂದು ಚೌಕ ಹೆಚ್ಚುಕಡಿಮೆ 28 ಕಿಲೋಮೀಟರ್ ಅಗಲ. ಘಟ್ಟದ ಬುಡದ ಸೋಮೇಶ್ವರಕ್ಕೂ ಘಟ್ಟದ ತಲೆಯ ಆಗುಂಬೆಗೂ ನಡುವೆ ಅಷ್ಟು ದೂರವೇ ಇಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಹವಾಮಾನ ಇಲಾಖೆ ಶುರುಮಾಡಿದ ಭಾರತ್ ಮುನ್ಸೂಚನಾ ವ್ಯವಸ್ಥೆ ಭೌತಶಾಸ್ತ್ರದ ಸಮೀಕರಣಗಳ ಮೇಲೆ ನಡೆಯುವಂಥದ್ದು. ಅದರ ಚೌಕ 6 ಕಿಲೋಮೀಟರ್. ಇಂಥ ಮಾದರಿಯ ಫಲವನ್ನು ನೆಲದ ಮೇಲಿನ ಮಾಪಕಗಳ ಸರಣಿಯ ಜೊತೆ ಹೊಂದಿಸಿ ಊರಿನ ಮಟ್ಟಕ್ಕೆ ಇಳಿಸುವ ಕೆಲಸಕ್ಕೇ ಹಲವು ಊರುಗಳಿಂದ ಕಲಿತ ನೆಟ್‌ವರ್ಕ್ ಬೇಕಾಗುವುದು. ಕರ್ನಾಟಕಕ್ಕೆ ಅದರಲ್ಲಿ ಒಳ್ಳೆಯ ಬಂಡವಾಳವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಆರು ಸಾವಿರಕ್ಕೂ ಹೆಚ್ಚು ಇವೆ, ತಾವಾಗಿಯೇ ಅಂಕಿ ಕಳಿಸುತ್ತವೆ.

ಆ ಮಾಪಕವನ್ನು ಹತ್ತಿರ ಹೋಗಿ ನೋಡಿ. ಮೇಲೊಂದು ಆಲಿಕೆ, ಕೆಳಗೆ ಪುಟ್ಟ ತಕ್ಕಡಿಯಂತೆ ಎರಡು ಬಟ್ಟಲು. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ವಾಲಿಗೆ ಒಂದು ಎಣಿಕೆ. ಆಲಿಕೆಯ ಕೊರಳಿಗೆ ಒಂದು ತರಗೆಲೆ ಸಿಕ್ಕಿಕೊಂಡರೂ ಸಾಕು, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಬಟ್ಟಲು ವಾಲುವುದಿಲ್ಲ. ದಾಖಲಾಗುವುದು ಸೊನ್ನೆ. ಒಂದೇ ಊರನ್ನು ನೋಡುವ ಮಾದರಿಗೆ ಅದು ಹೊಳವು! ಸುತ್ತಲ ಹತ್ತು ಊರು ಕಂಡ ಮಾದರಿಗೆ ಅನುಮಾನ ಬರುತ್ತದೆ.

ಅಡಿಕೆಯವರಿಗೆ ಬೇಕಾದದ್ದು ‘ನಾಳೆ 22 ಮಿಲಿಮೀಟರ್’ ಎಂಬ ಅಂಕಿಯಲ್ಲ. ಬೆಳಿಗ್ಗೆ ಹತ್ತರಿಂದ ಎರಡರ ತನಕ ಈ ಪಂಚಾಯಿತಿಯಲ್ಲಿ ಮಳೆ ಬಾರದಿರುವ ಸಂಭವ ಹತ್ತರಲ್ಲಿ ಎಷ್ಟು ಎಂಬ ಉತ್ತರ. ಈಗಿನ ಮಾದರಿಗಳು ಒಂದು ಅಂಕಿಯ ಬದಲು ಸಂಭವಗಳ ಹರಹನ್ನೇ ಕೊಡಬಲ್ಲವು. ಹತ್ತರಲ್ಲಿ ಏಳು ಎಂದರೆ ಕೊನೆಗಾರರನ್ನು ಕರೆಯಬಹುದು. ನಾಲ್ಕು ಎಂದರೆ ಮೈಲುತುತ್ತವನ್ನು ನೆನೆಹಾಕದೆ ಇನ್ನೊಂದು ದಿನ ಕಾಯಬಹುದು.