ಪ್ಯಾರಾಚೂಟ್ ಬಿಚ್ಚೋಕೆ ಅವಸರ ಬೇಡ

ಎಷ್ಟು ಬೇಗ ಬಿಚ್ಚಿದರೆ ಅಷ್ಟು ಕ್ಷೇಮ. ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಡಲು ಕೂತ ಬೆಂಗಳೂರಿನ ಕಾಲೇಜು ಹುಡುಗರಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ಪೆರಿಯಾಪ್ಸಿಸ್ (ಕಕ್ಷೆ ನೆಲಕ್ಕೆ ಅತಿ ಹತ್ತಿರ ಬರುವ ಬಿಂದು) 30 ಕಿ.ಮೀ. ಆಸುಪಾಸಿಗೆ ತಂದಿರುತ್ತಾರೆ, ಶಾಖಕವಚವನ್ನೂ ಸರಿಯಾಗಿ ಮುಂದೆ ಹಿಡಿದಿರುತ್ತಾರೆ. ಆಮೇಲೆ ಪ್ಯಾರಾಚೂಟಿನ ಐಕಾನ್ ಅಪಾಯ ಸೂಚಿಸುತ್ತ ಇನ್ನೂ ಕೆಂಪಗಿರುವಾಗಲೇ ಪ್ಯಾರಾಚೂಟ್ ಬಿಚ್ಚಿ, ಅದು ಹರಿದುಹೋಯಿತೆಂದು ಆಟಕ್ಕೆ ಬೈಯುತ್ತಾರೆ.

ತಪ್ಪು ಆಟದ್ದಲ್ಲ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೆಬ್ಬಾಳ ಫ್ಲೈಓವರ್ ಮೇಲೆ ಸ್ಕೂಟರಿನ ಹಿಂದೆ ಕೂತು ಛತ್ರಿ ಬಿಚ್ಚಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಲೆಕ್ಕ ಹಾಕಿ: ಸೆಕೆಂಡಿಗೆ 8 ಮೀಟರಿನಲ್ಲಿ ಒಂದೇ ಸಮನೆ ಇಳಿಯುವಾಗ ಬಟ್ಟೆಯ ಎಳೆತ ನೌಕೆಯ ತೂಕಕ್ಕೆ ಸಮ. ಅದೇ ಗಾಳಿಯಲ್ಲಿ, ಪೂರ್ತಿ ಅರಳಿದ ಅದೇ ಬಟ್ಟೆ, ವೇಗ ಮಾತ್ರ 250 ಮೀಟರ್ ಎಂದರೆ ಎಳೆತ ತೂಕದ ಸಾವಿರ ಪಟ್ಟಿನ ಹತ್ತಿರ! ಯಾವ ಹಗ್ಗ ತಡೆದೀತು?

ಆದ್ದರಿಂದಲೇ ಆಟದ ಪ್ಯಾರಾಚೂಟ್ ಅರಳುವುದು ಎರಡು ಹಂತದಲ್ಲಿ. ಗಾಳಿಯ ಒತ್ತಡ 0.04 ಅಟ್ಮಾಸ್ಫಿಯರ್ ದಾಟಿದಾಗ ಅರ್ಧ ಅರಳುತ್ತದೆ, ನೆಲದಿಂದ 1000 ಮೀಟರಿಗೆ ಬಂದಾಗ ಪೂರ್ತಿ. ನಿಜದ ನೌಕೆಗಳಲ್ಲೂ ಪ್ಯಾರಾಚೂಟಿನ ಅಂಚನ್ನು ಹಗ್ಗದಿಂದ ಬಿಗಿದಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಸಣ್ಣ ಸಿಡಿಮದ್ದಿನ ಕತ್ತರಿಯಿಂದ ತುಂಡರಿಸುತ್ತಾರೆ. ಗಗನಯಾನದ ಹೊಣೆ ಹೊತ್ತ ಇಸ್ರೋ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಅಪಾಯದಲ್ಲಿ ಗಗನಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ 2023ರ ಅಕ್ಟೋಬರ್ 21ರ ಟಿವಿ-ಡಿ1 ಪರೀಕ್ಷೆಯಲ್ಲಿ ಒಂದು ನೌಕೆಗೆ ಹತ್ತು ಪ್ಯಾರಾಚೂಟ್! ಮುಚ್ಚಳ ಕೀಳಲು ಎರಡು, ವೇಗ ತಗ್ಗಿಸುವ ಡ್ರೋಗ್ ಎರಡು, ಮುಖ್ಯವಾದವನ್ನು ಹೊರಗೆಳೆಯಲು ಮೂರು, ಮುಖ್ಯವಾದವು ಮೂರು. ಆಟದಲ್ಲೂ ಭಾರದ ನೌಕೆಗೆ ಮೊದಲು ಡ್ರೋಗ್ ಹಾಕಿ.

ಸಂಖ್ಯೆ ಹೆಚ್ಚಿಸಿದರೆ ಸಾಕೆನ್ನುವವರಿಗೂ ಒಂದು ಮಾತು: ಇಳಿಯುವ ವೇಗ ಅರ್ಧವಾಗಲು ಎರಡಲ್ಲ, ನಾಲ್ಕು ಪಟ್ಟು ಬಟ್ಟೆ ಬೇಕು. ಕೊನೆಗೆ ಉಳಿದ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗ ಕಳೆಯಲು ಎಂಜಿನ್ನಿನ ಒಂದು ಉಸಿರೇ ಅಗ್ಗ. ಹಾಂ, ಯಾವ ಭಾಗ ಯಾವಾಗ ಕೆಲಸ ಮಾಡಬೇಕೆಂದು ಹೇಳುವ ಸ್ಟೇಜಿಂಗ್ ಪಟ್ಟಿ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಪ್ಯಾರಾಚೂಟ್ ತುತ್ತತುದಿಯಲ್ಲಿರಲಿ, ಇಲ್ಲವಾದರೆ ಉಡಾವಣೆಯ ಕಟ್ಟೆಯ ಮೇಲೇ ಬಿಚ್ಚಿಕೊಂಡೀತು.

ಆಟದ ಮಂಗಳದಂಥ ಗ್ರಹ ಡ್ಯೂನಾದಲ್ಲಿ ಇದೆಲ್ಲ ತಲೆಕೆಳಗು. ಅಲ್ಲಿ ತಗ್ಗಿನ ನೆಲದಲ್ಲೂ ಒತ್ತಡ 0.067ರಷ್ಟೇ. ಗುಡ್ಡಗಾಡಿನ ಮೇಲೆ ಇಳಿದರೆ 0.04 ಸಿಗುವ ಮೊದಲೇ ನೆಲ ಸಿಗುತ್ತದೆ. ಹೊರಡುವ ಮುನ್ನವೇ ಪ್ಯಾರಾಚೂಟಿನ ಸೆಟ್ಟಿಂಗ್‌ನಲ್ಲಿ ಅರ್ಧ ಅರಳುವ ಒತ್ತಡವನ್ನು 0.01ಕ್ಕೆ ಇಳಿಸಿ, ಪೂರ್ತಿ ಅರಳುವ ಎತ್ತರ ಹೆಚ್ಚಿಸಿ, ಟ್ಯಾಂಕಿನಲ್ಲಿ ಇಂಧನ ಉಳಿಸಿಕೊಂಡಿರಿ.