ತೇಪೆ ಹಾಕಿದ ಬೀಮು ಪಕ್ಕದಲ್ಲೇ ಯಾಕೆ ಒಡೆಯುತ್ತದೆ?

ಕಲಬುರಗಿಯ ಹಳೆಯ ಬಡಾವಣೆಗಳಲ್ಲಿ ಬಾಲ್ಕನಿಯ ಕಾಂಕ್ರೀಟು ಉದುರಿ ಕಬ್ಬಿಣದ ಸರಳು ಇಣುಕುವುದು ಹೊಸದೇನಲ್ಲ. ಗೌಂಡಿ ಬಂದು ಸಡಿಲಾದದ್ದನ್ನು ಕೆತ್ತಿ, ತುಕ್ಕು ಉಜ್ಜಿ, ಹೊಸ ಮಾಲು ತುಂಬಿ ಗಿಲಾವು ಮಾಡುತ್ತಾನೆ. ಕೆಲವು ಮಳೆಗಾಲ ಕಳೆದ ಮೇಲೆ ನೋಡಿದರೆ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಅಂಚಿನಿಂದ ಗೇಣು ದೂರದಲ್ಲಿ ಹೊಸ ಬಿರುಕು. ಆಗ ಶುರುವಾಗುತ್ತದೆ: “ಮನಿಗಿ ನೆದರ ಬಿದ್ದದ್ರೀ.” ಇನ್ನೊಬ್ಬರು ಬಂದು, “ಈಶಾನ್ಯದಾಗ ಟಾಕಿ ಅದ, ಮೊದಲ ಅದನ್ನ ತೆಗಸ್ರಿ” ಎನ್ನುತ್ತಾರೆ. ಟಾಕಿ ಸೋರುತ್ತಿದ್ದರೆ ತೆಗೆಸಿ, ಯಾವ ದಿಕ್ಕಿನಲ್ಲಿದ್ದರೂ ಸರಿ. ಆದರೆ ಬಿರುಕು ಪಕ್ಕಕ್ಕೆ ಸರಿದದ್ದಕ್ಕೆ ಎಷ್ಟೋ ಸಲ ಆ ತೇಪೆಯೇ ಕಾರಣ. ಕಾಂಕ್ರೀಟಿನ ರೋಗಗಳಲ್ಲಿ ನನಗೆ ಅತಿ ಮೋಜೆನಿಸುವುದು ಇದೇ.

ಒಳ್ಳೆಯ ಕಾಂಕ್ರೀಟಿನ ಒಳಗೆ ಕಡು ಕ್ಷಾರವಿರುತ್ತದೆ, ಪಿಎಚ್ 12.5ರಿಂದ 13ರಷ್ಟು. ಆ ಕ್ಷಾರದಲ್ಲಿ ಸರಳಿನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಕೂತು ತುಕ್ಕನ್ನು ತಡೆಯುತ್ತದೆ. ಪೊರೆ ಹರಿಯುವುದು ಎರಡು ದಾರಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡು ಒಳಗಿನ ಸುಣ್ಣವನ್ನು ಮೆಲ್ಲಗೆ ಕ್ಯಾಲ್ಸಿಯಂ ಕಾರ್ಬೊನೇಟಿಗೆ, ಅಂದರೆ ನಮ್ಮ ಶಹಾಬಾದ್ ಫರಸಿಯ ಮೂಲದ್ರವ್ಯಕ್ಕೇ, ಮರಳಿಸುತ್ತದೆ, ಕ್ಷಾರ ಇಳಿಯುತ್ತದೆ. ಇನ್ನೊಂದು ದಾರಿ ಕ್ಲೋರೈಡು, ಅಂದರೆ ಉಪ್ಪಿನಲ್ಲಿರುವ ಅಂಶ. ಸವಳು ಬೋರ್‌ವೆಲ್ ನೀರಲ್ಲಿ ಮಾಲು ಕಲಸಿದರೆ ಕಟ್ಟುವ ದಿನವೇ ಅದು ಒಳಸೇರುತ್ತದೆ. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡು ಇರಕೂಡದೆಂದು ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಹೇಳುತ್ತದೆ. ನೀರು ಪರೀಕ್ಷೆ ಮಾಡಿಸಿ ಮನೆ ಕಟ್ಟಿದವರನ್ನು ಬೆರಳಲ್ಲಿ ಎಣಿಸಬಹುದು. ತುಕ್ಕು ಹುಟ್ಟಿತೆಂದರೆ ಅದು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟು ಒಡೆಯದೆ ಏನು ಮಾಡೀತು?

(ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರಿಂದ ನಿಂತಿದೆ, ನಿಮ್ಮ ಸಿಮೆಂಟಿಗೇನಾಗಿದೆ ಎಂದು ಕೇಳುವವರಿದ್ದಾರೆ. ಅದು ಗುಮ್ಮಟ, ಕಮಾನುಗಳ ಕಟ್ಟಡ. ಭಾರವೆಲ್ಲ ಒತ್ತಡವಾಗಿ ಕಲ್ಲಿಗೆ ಇಳಿಯುತ್ತದೆ. ತುಕ್ಕು ಹಿಡಿಯಲು ಅಲ್ಲಿ ಹುದುಗಿಸಿದ ಸರಳುಗಳ ಜಾಲವೇ ಇಲ್ಲ.)

ಈಗ ತೇಪೆಗೆ ಬರೋಣ. ತುಕ್ಕೆನ್ನುವುದು ವಿದ್ಯುತ್ತಿನ ವ್ಯವಹಾರ. ಸರಳಿನ ಒಂದು ಜಾಗದಲ್ಲಿ ಕಬ್ಬಿಣ ಕರಗಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಅದು ಆನೋಡು. ಎಲೆಕ್ಟ್ರಾನುಗಳು ಸರಳಿನಲ್ಲೇ ಹರಿದು ಪಕ್ಕದ ಜಾಗ ಸೇರುತ್ತವೆ, ಅಲ್ಲಿ ನೀರು ಮತ್ತು ಆಮ್ಲಜನಕ ಅವನ್ನು ಪಡೆಯುತ್ತವೆ, ಅದು ಕ್ಯಾಥೋಡು. ಒದ್ದೆ ಕಾಂಕ್ರೀಟಿನೊಳಗೆ ಅಯಾನುಗಳು ಚಲಿಸಿ ಸುತ್ತು ಪೂರ್ತಿಯಾಗುತ್ತದೆ. ಎಲೆಕ್ಟ್ರಾನು ಪಡೆಯುತ್ತಿರುವಷ್ಟು ದಿನ ಕ್ಯಾಥೋಡಿಗೆ ತುಕ್ಕಿನ ಕಾಟವಿಲ್ಲ. ಕೂಡುಕುಟುಂಬದ ಸಾಲವನ್ನೆಲ್ಲ ಒಬ್ಬನ ತಲೆಗೆ ಕಟ್ಟಿದಂತೆ: ಅವನು ಸವೆಯುವವರೆಗೆ ಉಳಿದವರು ಕ್ಷೇಮ, ಅವನನ್ನು ಬಿಡಿಸಿದ ದಿನ ಸಾಲ ಕೊಟ್ಟವನು ಪಕ್ಕದವನ ಬಾಗಿಲು ತಟ್ಟುತ್ತಾನೆ. ಗೌಂಡಿ ಮಾಡಿದ್ದು ಆ ಬಿಡಿಸುವ ಕೆಲಸವನ್ನೇ. ತೇಪೆಯೊಳಗಿನ ಸರಳು ಹೊಸ ಕ್ಷಾರದಲ್ಲಿ ಕ್ಯಾಥೋಡಾಯಿತು. ಅಂಚಿನಾಚೆಯ ಸರಳು ಇನ್ನೂ ಹಳೆಯ ಉಪ್ಪಿನ ಕಾಂಕ್ರೀಟಿನಲ್ಲೇ ಇದೆ, ಇಷ್ಟು ದಿನ ಇದ್ದ ಕಾವಲು ತಪ್ಪಿದೆ. ಈಗ ಆನೋಡಾಗುವ ಸರದಿ ಅದರದ್ದು.

ಇದಕ್ಕೆ ಮದ್ದಿನ ದಾರಿ ತೆರೆದದ್ದು ಹಡಗಿನಿಂದ. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ. ತುಂಡುಗಳು ಸವೆದವು, ತಾಮ್ರ ಉಳಿಯಿತು. ಎಷ್ಟು ಚೆನ್ನಾಗಿ ಉಳಿಯಿತೆಂದರೆ, ಕರಗುವ ತಾಮ್ರದ ವಿಷಕ್ಕೆ ದೂರವಿದ್ದ ಕಡಲಕಳೆ, ಚಿಪ್ಪುಜೀವಿಗಳು ತಳಕ್ಕೆ ಮೆತ್ತಿಕೊಂಡು ಹಡಗಿನ ವೇಗವೇ ಕುಗ್ಗಿತು. ನೌಕಾಪಡೆ ಯೋಜನೆ ಕೈಬಿಟ್ಟಿತು. ಜೋಸೆಫ್ ಆಸ್ಪಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದೂ ಅದೇ 1824ರಲ್ಲಿ. ಸತುವಿನ ಉಪಾಯ ತೇಪೆಯೊಳಗೆ ಹೊಕ್ಕಿದ್ದು ಮಾತ್ರ 1990ರ ದಶಕದ ಕೊನೆಗೆ.

ಬೀದರಿನವರಿಗೆ ಸತು ಹೊಸ ಲೋಹವೇ? ಬಿದ್ರಿ ಪಾತ್ರೆಯ ಬಹುಪಾಲು ಸತು, ಜೊತೆಗೆ ಚೂರು ತಾಮ್ರ. ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೇ ಹೊಳೆಯುತ್ತದೆ. ಒಂದೇ ಮದ್ದಿಗೆ ಎರಡು ಲೋಹ ಎರಡು ಬಗೆಯಾಗಿ ವರ್ತಿಸುವುದರ ಮೇಲೇ ಆ ಕಲೆ ನಿಂತಿದೆ. ತೇಪೆಯಲ್ಲೂ ಎರಡು ಲೋಹದ ಆಟವೇ. ವಿಶೇಷ ಗಾರೆಯಲ್ಲಿ ಹುದುಗಿಸಿದ ಸತುವಿನ ಬಿಲ್ಲೆಯನ್ನು ತೇಪೆಯ ಅಂಚಿನಲ್ಲಿ ಸರಳಿಗೆ ತಂತಿಯಿಂದ ಬಿಗಿಯುತ್ತಾರೆ. ಕಬ್ಬಿಣದ ಬದಲು ಸತು ಕರಗುತ್ತದೆ.

ಮಾಡುವುದಾದರೆ ಮೊದಲು ಜಾಕಿ ಕೊಟ್ಟು ಬೀಮಿನ ಭಾರ ಇಳಿಸಬೇಕು. ಸುತ್ತಿಗೆಯಿಂದ ತಟ್ಟಿ ಪೊಳ್ಳು ಸದ್ದು ಬಂದಲ್ಲೆಲ್ಲ ಕೆತ್ತಬೇಕು, ಸರಳಿನ ಹಿಂಬದಿಗೂ ಬೆರಳು ತೂರುವಷ್ಟು. ಮುಂದಿನ ಭಾಗ ಮಾತ್ರ ಉಜ್ಜಿ ಬಿಡುವುದು ನಮ್ಮಲ್ಲಿ ಅತಿ ಸಾಮಾನ್ಯ ಸೋಮಾರಿತನ. ಸತು ಕಟ್ಟುವ ಕಡೆ ಸರಳು ಬೆಳ್ಳಗೆ ಹೊಳೆಯಬೇಕು. ಸುತ್ತ ವಿದ್ಯುತ್ತು ಹಾಯಲು ಬಿಡದ ಎಪಾಕ್ಸಿ (ಅಂಟುರಾಳದ) ಗಾರೆ ತುಂಬಿದರೆ ವಿದ್ಯುತ್ತಿನ ಸುತ್ತು ಕಡಿದು ಬಿಲ್ಲೆ ದಂಡ. ಕಾಲುಭಾಗ ಸವೆದ ಸರಳಿಗೆ ಜೊತೆಯಾಗಿ ಹೊಸ ಸರಳು ಕಟ್ಟಲೇಬೇಕು, ಅದರ ಉದ್ದ ಎಷ್ಟೆಂದು ಸ್ಟ್ರಕ್ಚರಲ್ ಎಂಜಿನಿಯರು ಲೆಕ್ಕ ಹಾಕಿ ಕೊಡುತ್ತಾರೆ.